ಕಚೇರಿಯಲ್ಲಿ ಹಾಕಿದ ಒಡಪು

ಹೋದ ತಿಂಗಳು ಬ್ಯಾಂಕಿನಲ್ಲಿ ಆದದ್ದನ್ನು ನೆನೆದು ನೀವು ಮೊಮ್ಮಕ್ಕಳಿಬ್ಬರೂ ಇನ್ನೂ ನಗುತ್ತೀರಿ. ಪಾಸ್‌ಬುಕ್ ಬದಲಿಸಿಕೊಳ್ಳಲು ಹೋಗಿದ್ದೆವು. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು, "ಯಜಮಾನ್ರ ಹೆಸರು ಹೇಳ್ರಿ ಅಮ್ಮ" ಅಂದಳು. ನಾನು ಸೆರಗು ಎಳೆದುಕೊಂಡು ನಿಮ್ಮಲ್ಲಿ ದೊಡ್ಡವಳ ಕಡೆ ತಿರುಗಿದೆ. ಅವಳು ಹೇಳಿದಳು. ಮನೆಗೆ ಬರುವ ದಾರಿಯಲ್ಲಿ ಕೇಳಿದಳು: "ಅಜ್ಜೀ, ಮುತ್ಯಾನ ಹೆಸರು ನಿನಗ ಮರತೇ ಹೋಗ್ಯಾದೇನು?"

ಮರೆತಿಲ್ಲ. ಆದರೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಇಡೀ ಜನ್ಮದಲ್ಲಿ ಮೂರೇ ಸಲ. ಮೂರನೆಯ ಸಲ ಹೇಳಿದ್ದಕ್ಕೇ, ರಜೆಯಲ್ಲಿ ಬಂದಾಗ ನೀವು ಹಸಿ ತೊಗರಿಕಾಯಿ ಹರಿದು ತಿನ್ನುವ ಆ ಹೊಲ ನಮಗೆ ಉಳಿದಿದೆ. ಎದುರಿಗೆ ಕೂಡಿಸಿಕೊಂಡು ಇದನ್ನೆಲ್ಲ ಹೇಳಲು ನನಗೆ ಆಗುವುದಿಲ್ಲ. ನಾಲ್ಕು ಕಣ್ಣು ನನ್ನ ಕಡೆ ನೋಡಿದರೆ ನನ್ನ ಮಾತು ನಿಲ್ಲುತ್ತದೆ. ಹಾಳೆಗೆ ಕಣ್ಣಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡುತ್ತಿರಲಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಿದ್ದರು. ಮೊದಲು "ಇವರು" ಅನ್ನುವುದು, ಮಗು ಹುಟ್ಟಿದ ಮೇಲೆ "ಆಕಿ ಅಪ್ಪ" ಅನ್ನುವುದು. ಹೊರಗಿನವರು ಯಾರಾದರೂ ಕೇಳಿದರೆ ನಾವು ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದೆವು, ಅವರು ನಮ್ಮ ಪರವಾಗಿ ಹೇಳುತ್ತಿದ್ದರು. ಕೇಳುವವರಿಗೂ ಹೇಳುವವರಿಗೂ ಈ ರೀತಿ ಗೊತ್ತಿತ್ತು.

ಹೆಸರು ಹೇಳಲು ಇದ್ದದ್ದು ಒಂದೇ ದಾರಿ, ಒಡಪು. ಎರಡು ಮೂರು ಸಾಲು ಪ್ರಾಸ ಕಟ್ಟಿ ಕೊನೆಗೆ ಗಂಡನ ಹೆಸರು ಸೇರಿಸುವುದು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕಾಡಿಸಿ ಒಡಪು ಹಾಕಿಸುತ್ತಿದ್ದರು. ಹಾಗೆ ಹೇಳಿದ ಹೆಸರಿಗೆ ದೋಷವಿಲ್ಲ. ಆದರೆ ಅದು ಗಂಡ ಇದ್ದವರ ಆಟ. ಗಂಡ ಸತ್ತವಳು ಗೋಡೆಗೆ ಒರಗಿ ಕೂತು ಕೇಳಬೇಕು, ಅಷ್ಟೇ.

ನನ್ನ ತವರು ಚಿತ್ತಾಪುರ ಕಡೆಯ ಒಂದು ಹಳ್ಳಿ. ಅಲ್ಲಿನ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದೆ. ಗಂಡನ ಮನೆ ಕಾಗಿಣಾ ಹೊಳೆಯ ಆಚೆ. ಮದುವೆಯಾಗಿ ಬಂದು ಹೊಸ್ತಿಲ ಮುಂದೆ ನಿಂತಾಗ ನಾದಿನಿ ಬಾಗಿಲಿಗೆ ಅಡ್ಡ ಕೈ ಹಿಡಿದಳು.

"ಹೆಸರು ಹೇಳಿ ಒಳಗ ಬಾ. ಇಲ್ಲಂದ್ರ ನಿನ್ನ ಹೊರಸು ಅಂಗಳದಾಗ ಹಾಕ್ತೀವಿ ನೋಡು."

ಸೋದರತ್ತೆ ಕಲಿಸಿ ಕಳಿಸಿದ್ದನ್ನು ಹೇಳಿದೆ:

"ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಹಚ್ಚೇನ,
ಬಾಗಿಲದಾಗ ನಿಂದ್ರಿಸಿದ್ರ ಬಾಯಿ ಬಿಚ್ಚೇನ…"

ಕೊನೆಗೆ ಹೆಸರು. ನಾದಿನಿ ಕಿವಿಗೆ ಕೈ ಹಚ್ಚಿ, "ಇರುವಿ ಕೆಮ್ಮಿದಂಗಾತು, ಯಾರಿಗರ ಕೇಳಿಸ್ತೇನ್ರೇ?" ಅಂದಳು. ಎಲ್ಲರೂ ನಕ್ಕರು. ಮುತ್ಯಾ ಮಾತ್ರ ಮರುದಿನ ದನದ ಕೊಟ್ಟಿಗೆಯ ಹತ್ತಿರ ಸಿಕ್ಕಾಗ ಮೆಲ್ಲಗೆ ಅಂದರು, "ನನಗ ಕೇಳಿಸ್ತು."

ಎರಡನೆಯ ಸಲ ನಿಮ್ಮ ಅವ್ವ ಹೊಟ್ಟೆಯಲ್ಲಿದ್ದಾಗ, ಕುಬಸದಲ್ಲಿ. ಆ ಹೊತ್ತಿಗೆ ಧ್ವನಿ ಸ್ವಲ್ಪ ಬಂದಿತ್ತು. "ಇರುವಿ ಹೋಗಿ ಗುಬ್ಬಿ ಆಗ್ಯಾಳ" ಅಂದಳು ಅದೇ ನಾದಿನಿ.

ಮುತ್ಯಾ ಮದುವೆಗೆ ಮೊದಲು ಶಹಾಬಾದದ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುವ ಕೆಲಸ ಮಾಡುತ್ತಿದ್ದರು. ಮದುವೆಯ ನಂತರ ಅದನ್ನು ಬಿಟ್ಟು ಬಂದು ಊರಲ್ಲಿ ನಾಲ್ಕು ಎಕರೆ ಹೊಲ ಪಾಲಿಗೆ ಹಿಡಿದರು. ಹೊಲದ ಧಣಿ ಹೈದರಾಬಾದದಲ್ಲಿದ್ದರು. ಸುಗ್ಗಿಯಲ್ಲಿ ಒಮ್ಮೆ ಬಂದು ಅರ್ಧ ಬೆಳೆ ಒಯ್ಯುತ್ತಿದ್ದರು, ಮತ್ತೆ ಮುಖ ತೋರಿಸುತ್ತಿರಲಿಲ್ಲ. ಹಿರಿಯರಿಂದ ಬಂದ ಸಣ್ಣ ಹೊಲವನ್ನು ಮುತ್ಯಾನ ಅಣ್ಣ, ಅಂದರೆ ನನ್ನ ಭಾವನವರು ಮಾಡುತ್ತಿದ್ದರು. ಧಣಿಯ ಹೊಲ ಮಾಡಿದವರು ನಾವಿಬ್ಬರೇ. ಅವರು ಗಳೆ ಹೊಡೆದರೆ ನಾನು ಕಳೆ ತೆಗೆಯುತ್ತಿದ್ದೆ. ಅವರು ಕೂರಿಗೆ ಹಿಡಿದರೆ ನಾನು ಬೀಜ ಬಿಡುತ್ತಿದ್ದೆ. ಖಣಿ ಬಿಡುವಾಗ ತಾವೇ ಎಬ್ಬಿಸಿದ ಒಂದು ಫರಸಿಯನ್ನು ಲಾರಿಯವರಿಗೆ ಕೈಮುಗಿದು ಊರವರೆಗೆ ತಂದಿದ್ದರು. ಅದನ್ನು ಹೊಲದ ಬೇವಿನ ಗಿಡದ ಬುಡಕ್ಕೆ ಹಾಸಿದರು. ಇಳಿಸುವಾಗ ಒಂದು ಮೂಲೆ ಒಡೆಯಿತು. "ಒಡದದ್ದರ ಮ್ಯಾಲ ನಾ ಕುಂದ್ರತೀನಿ, ನೀ ನೆಟ್ಟಗಿದ್ದ ಕಡಿ ಕುಂದ್ರು" ಅನ್ನುತ್ತಿದ್ದರು. ನಮ್ಮ ಮಧ್ಯಾಹ್ನದ ರೊಟ್ಟಿ ಆ ಕಲ್ಲಿನ ಮೇಲೆ.

ಎಪ್ಪತ್ತರ ದಶಕದ ನಡುವೆ ಹೊಸ ಕಾನೂನು ಬಂತು. ಪಾಲಿಗೆ ಮಾಡುವ ಹೊಲ ಇನ್ನು ಮೇಲೆ ಮಾಡುವವರ ಹೆಸರಿಗೇ ಆಗುತ್ತದೆ, ಅರ್ಜಿ ಕೊಡಬೇಕು ಎಂದು ಊರಲ್ಲಿ ಡಂಗುರ ಸಾರಿದರು. ಮುತ್ಯಾ ಎರಡು ದಿನ ನಂಬಲಿಲ್ಲ. ಮೂರನೆಯ ದಿನ ತಾಲೂಕಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಆ ವರ್ಷದ ಮಳೆಗಾಲದಲ್ಲೇ, ಒಡ್ಡಿನ ಮೇಲೆ ಹುಲ್ಲು ಕೊಯ್ಯುವಾಗ ಹಾವು ಕಡಿಯಿತು. ಬಂಡಿ ಕಟ್ಟಿ ಆಸ್ಪತ್ರೆ ಮುಟ್ಟಿಸುವುದರಲ್ಲಿ ಆಗಿಹೋಯಿತು. ನಿಮ್ಮ ಅವ್ವ ಆಗ ಆರು ವರ್ಷದವಳು, ಅವಳ ತಂಗಿ, ನಿಮ್ಮ ಸಣ್ಣಮ್ಮ, ಎರಡು ವರ್ಷದ ಕೂಸು.

ಭಾವನವರನ್ನು ನೀವು ಕೆಟ್ಟವರು ಅಂದುಕೊಳ್ಳಬಾರದು. ಮಣ್ಣು ಮಾಡಿದ ದಿನವೇ ನನ್ನ ಮಕ್ಕಳಿಬ್ಬರನ್ನೂ ತಮ್ಮ ಎರಡು ತೊಡೆಯ ಮೇಲೆ ಕೂಡಿಸಿಕೊಂಡವರು ಅವರು. ತಾವೂ ಅತ್ತಿಯೂ ಇದ್ದ ದೊಡ್ಡ ಮನೆಗೆ ನಮ್ಮನ್ನು ಕರೆದುಕೊಂಡರು. ಒಂದೇ ಒಲೆ, ಒಂದೇ ಊಟ. ಅವರ ಲೆಕ್ಕದಲ್ಲಿ ಹೊಲ ಗಂಡಸಿನದು. ತಮ್ಮನಿಗೆ ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳು ಬೇರೆಯವರ ಮನೆಗೆ ಹೋಗುವವರು, ಆದ್ದರಿಂದ ತಮ್ಮನ ಹೊಲ ತಮಗೆ ಬರಬೇಕು. ಇದರಲ್ಲಿ ಮೋಸ ಇದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ನನಗೂ ಅನ್ನಿಸಿರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಆಯಿತು. ಸತ್ತವರ ಹೆಸರನ್ನು ಎಲ್ಲರೂ ಕರೆಯುವುದು ಬಿಟ್ಟರು. ಕರೆದರೆ ನಾನು ಅಳುತ್ತೇನೆ ಎಂದು ಭಾವನವರು ಬಿಟ್ಟರು, ಮಗನ ನೆನಪಾಗಿ ಅತ್ತಿ ಅಳುತ್ತಾರೆ ಎಂದು ಭಾವನವರ ಹೆಂಡತಿ, ನನ್ನ ನೆಗೆಣ್ಣಿ, ಬಿಟ್ಟಳು. ನಾನಂತೂ ಯಾವತ್ತೂ ಕರೆದವಳಲ್ಲ.

ಅರ್ಜಿಯ ವಿಚಾರಣೆಗೆ ಒಬ್ಬ ಗುಮಾಸ್ತ ಊರ ಚಾವಡಿಗೆ ಬಂದ. ನನ್ನನ್ನು ಕರೆಸಿದರು. ಕಂಬದ ಹಿಂದೆ, ಸೆರಗು ಮುಖದವರೆಗೆ ಎಳೆದುಕೊಂಡು ನಿಂತೆ. ಭಾವನವರು ಮುಂದೆ ಇದ್ದರು. ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿರಲಿಲ್ಲ.

"ಗಂಡನ ಹೆಸರೇನವಾ?" ಗುಮಾಸ್ತ ಕೇಳಿದ.

ನಾನು ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದೆ. ಭಾವನವರ ಕಡೆ ಕೈ ತೋರಿಸಿದೆ. ಅವರು ಹೇಳಿದರು.

"ಹೊಲ ಯಾರು ಮಾಡ್ತಾರ?"

ಹೆಸರು ಹೇಳಿದವರೇ ಇದಕ್ಕೂ ಉತ್ತರ ಹೇಳಿದರು. ಆಮೇಲಿನದಕ್ಕೂ ಅವರೇ ಹೇಳಿದರು. ಒಮ್ಮೆ ನನ್ನ ಬಾಯಿಯನ್ನು ಅವರಿಗೆ ಕೊಟ್ಟಿದ್ದೆ, ನಡುವೆ ತಿರುಗಿ ಪಡೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಗುಮಾಸ್ತ ಬರೆದದ್ದನ್ನು ಗಡಗಡ ಓದಿ, "ಹೆಬ್ಬೆಟ್ಟೋ, ಸಹಿಯೋ?" ಅಂದ. "ಸಹೀ ಮಾಡ್ತಾಳ್ರಿ, ಸಾಲಿ ಕಲ್ತಾಳ" ಎಂದು ಭಾವನವರು ಹೆಮ್ಮೆಯಿಂದಲೇ ಅಂದರು. ನನಗೆ ಓದಲು ಬರುತ್ತಿತ್ತು. ಆದರೆ ಹಿರಿಯರ ಮುಂದೆ ಕಾಗದ ಹಿಡಿದು ಓದಿದರೆ ಅವರನ್ನು ನಂಬಲಿಲ್ಲ ಅಂದ ಹಾಗೆ. ಓದದೆ, ದುಂಡಗೆ ಸಹಿ ಮಾಡಿದೆ. ಐದು ತರಗತಿ ಕಲಿತದ್ದು ಆ ದಿನ ನನಗೆ ಅಷ್ಟೇ ಉಪಯೋಗಕ್ಕೆ ಬಂತು.

ಗೊತ್ತಾದದ್ದು ನೆಗೆಣ್ಣಿಯ ಬಾಯಿಂದ. ತೊಗರಿ ಮೊಗ್ಗು ಹಿಡಿಯುವ ಕಾಲ. ಇಬ್ಬರೂ ರೊಟ್ಟಿ ಬಡಿಯುತ್ತಿದ್ದೆವು.

"ಹೊಲ ನಮ್ಮವರ ಹೆಸರಿಗಿ ಆಗಲಿಕತ್ತಾದ, ಗೊತ್ತೇನ? ಇನ್ನ ನೀ ಬೇಕಾದ್ರ ಮಕ್ಕಳ ಕರಕೊಂಡು ತವರಿಗಿ ಹೋಗಿ ನಾಕು ದಿನ ಆರಾಮ ಇದ್ದು ಬಾ. ನಾಕು ವರ್ಷ ಇದ್ರೂ ಯಾರೂ ಏನೂ ಅನ್ನಂಗಿಲ್ಲ."

ನನ್ನ ಕೈಯ ರೊಟ್ಟಿ ಹೆಂಚಿನ ಮೇಲೆ ಮುದ್ದೆಯಾಗಿ ಬಿತ್ತು. ತವರಲ್ಲಿ ಅಣ್ಣನಿಗೇ ಐದು ಮಕ್ಕಳು, ಎರಡು ಕೋಣೆ. ಆ ಹೊಲ ಹೋದರೆ ನಾನೂ ಮಕ್ಕಳೂ ಎಲ್ಲಿಯ ಮನೆಯವರೂ ಅಲ್ಲ. ಯಾರು ಕೊಟ್ಟರೆ ಅವರ ಮನೆಯ ರೊಟ್ಟಿ. ನಿಮ್ಮ ಅವ್ವನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು.

ಅಣ್ಣನಿಗೆ ಮೈಯಲ್ಲಿ ಹುಷಾರಿಲ್ಲವಂತೆ ಎಂದು ಸುಳ್ಳು ಹೇಳಿ ತವರಿಗೆ ಹೋದೆ. ಅಣ್ಣ ನನ್ನನ್ನು ನಮ್ಮ ತಾಲೂಕಿನ ಕಚೇರಿಗೆ ಕರೆದುಕೊಂಡು ಹೋದ. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಒಬ್ಬ ಮುದುಕರು ಕೂಡುತ್ತಿದ್ದರು. ನಿಜಾಮರ ಕಾಲದಿಂದ ಉರ್ದುವಿನಲ್ಲಿ ಬರೆದವರು, ಆಮೇಲೆ ಕನ್ನಡ ಕಲಿತು ಬರೆದವರು. ಎಲ್ಲರೂ ಅವರನ್ನು ಮುನ್ಷಿ ಚಾಚಾ ಅನ್ನುತ್ತಿದ್ದರು. ಅವರು ಒಳಗಿನಿಂದ ನನ್ನ ಹೇಳಿಕೆಯ ನಕಲು ತರಿಸಿ ಓದಿದರು. ಓದಿ, ಕನ್ನಡಕ ತೆಗೆದರು.

"ಬೇಟಾ, ನೀ ಎಂದೂ ಆ ಹೊಲದಾಗ ಕಾಲಿಟ್ಟಿಲ್ಲಂತ. ನಿನ್ನ ಗಂಡ ಕಲ್ಲಿನ ಖಣಿಗಿ ಹೋಗ್ತಿದ್ದನಂತ, ಹೊಲ ಎಲ್ಲಾ ನಿನ್ನ ಭಾವನೇ ಮಾಡ್ಯಾನಂತ. ಕೆಳಗ ನಿನ್ನ ಸಹಿ. ಭಾಳ ಚಂದ ಸಹಿ."

ನಾನು ಆ ನಕಲಿನ ಮೇಲೆ ಕೈ ಇಟ್ಟೆ. "ನಾ ಹಂಗ ಹೇಳಿಲ್ರಿ ಚಾಚಾ. ನಾ ಏನೂ ಹೇಳೇ ಇಲ್ರಿ."

"ಅದೇ ತಪ್ಪು ಆಗ್ಯಾದ. ನಿನ್ನ ಮಾತು ಇನ್ನೊಬ್ಬರ ಬಾಯಾಗ ಇಟ್ಟಿ. ಅವರು ತಮ್ಮ ಹಲ್ಲಿಗಿ ಬಂದಂಗ ಅಗದ್ರು." ಅವರು ಹೊಸ ಕಾಗದ ತೆಗೆದು ತಕರಾರು ಅರ್ಜಿ ಬರೆದರು. ಕೊನೆಗೆ ಬೆರಳೆತ್ತಿ ಹೇಳಿದರು, "ಕಾಗದ ನಾ ಬರೀತೀನಿ. ಆದ್ರ ಕಾಗದದ ಮ್ಯಾಲ ಕಾಗದ ಇಟ್ರ ಮೊದಲನೇದು ಸುಳ್ಳಾಗಂಗಿಲ್ಲ. ವಿಚಾರಣೆ ದಿನ ನಿನ್ನ ಬಾಯಿಲೆ ನೀ ಹೇಳಬೇಕು. ಹೆಸರಿನಿಂದ ಹಿಡದು ಎಲ್ಲಾ. ಆಗ್ತದೇನು?"

"ಆಗ್ತದ್ರಿ" ಅಂದೆ. ಅದೂ ಇರುವೆ ಕೆಮ್ಮಿದ ಹಾಗೆಯೇ ಇತ್ತು.

ತವರಿನಿಂದ ಮತ್ತೆ ದೊಡ್ಡ ಮನೆಗೇ ಬಂದೆ; ನೋಟೀಸು ಬಂದು ಭಾವನವರಿಗೆ ನನ್ನ ತಕರಾರು ಗೊತ್ತಾದರೂ ಒಲೆ ಒಂದೇ ಇತ್ತು. ವಿಚಾರಣೆಯ ದಿನ ನಿಮ್ಮ ಅವ್ವನನ್ನು ಜೊತೆಗೆ ಕರೆದುಕೊಂಡು ಹೋದೆ. ಅದರಲ್ಲಿ ನನ್ನದೊಂದು ಉಪಾಯವಿತ್ತು. ಹೆಸರು ಕೇಳಿದರೆ ಮಗಳು ಹೇಳುತ್ತಾಳೆ. ಪಾಟಿಯ ಮೇಲೆ ಬರೆದು ತೋರಿಸಿ ರಾತ್ರಿಯೆಲ್ಲ ಅವಳಿಗೆ ಬಾಯಿಪಾಠ ಮಾಡಿಸಿದ್ದೆ. ಭಾವನವರೂ ಅದೇ ಬಸ್ಸಿನಲ್ಲಿ ಬಂದರು, ಅತ್ತಿಯೂ ಬಂದರು. ಅತ್ತಿ ಯಾರ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಟಿಕೆಟ್ ತೆಗೆಸಿದವರು ಭಾವನವರು, ಅವರ ಪಕ್ಕದಲ್ಲೇ ಕೂತಿದ್ದರು.

ದೊಡ್ಡ ಮೇಜು. ನಡುವೆ ಮೈಸೂರು ಕಡೆಯ ಸಾಹೇಬರು, ಅತ್ತಿತ್ತ ಭೂನ್ಯಾಯ ಮಂಡಳಿಯ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರು ರುಮಾಲು ಸುತ್ತಿದ ವಯಸ್ಸಾದ ರೈತರು.

"ನಿಮ್ಮ ಯಜಮಾನರ ಹೆಸರೇನಮ್ಮಾ?"

ನಾನು ಮಗಳನ್ನು ಮುಂದೆ ತಳ್ಳಿದೆ. ಅವಳು ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಕೈಕಟ್ಟಿ ನಿಂತು ಚೀರಿ ಹೇಳಿದಳು. ಸಾಹೇಬರಿಗೆ ನಗು ಬಂತು.

"ಜಾಣೆ. ಆದ್ರೆ ಅರ್ಜಿ ನಿಮ್ಮ ಅಮ್ಮಂದು ಪುಟ್ಟಾ, ಅವರೇ ಹೇಳ್ಬೇಕು."

ಪೆನ್ನು ಬೇಕೆಂದು ಸನ್ನೆ ಮಾಡಿದೆ. ಅವರು ತಲೆ ಅಲ್ಲಾಡಿಸಿದರು. "ಬರೆದದ್ದು ಆಗ್ಲೇ ಒಂದಿದೆಯಲ್ಲಮ್ಮ, ನಿಮ್ಮ ಸಹಿ ಇರೋದು. ಅದು ನನ್ನ ಮಾತಲ್ಲ ಅಂತೀರಿ. ಇನ್ನೊಂದು ಬರೆದುಕೊಟ್ರೆ ಅದನ್ನ ಹೇಗೆ ನಂಬೋದು? ಬಾಯಲ್ಲಿ ಹೇಳಿ. ಗಂಡನ ಹೆಸರು ಹೇಳೋಕೆ ಏನು ಕಷ್ಟ?"

ಕಷ್ಟ ಏನೆಂದು ಅವರಿಗೆ ಹೇಗೆ ಹೇಳಲಿ? ಹೇಳಿದರೆ ಆಯುಷ್ಯ ಹೋಗುತ್ತದೆ ಅನ್ನೋಣವೆಂದರೆ ಆಯುಷ್ಯ ಹೋಗಿಯೇ ಬಿಟ್ಟಿತ್ತು. ಆದರೂ ನಾಲಿಗೆ ಮೇಲೆ ಏಳಲಿಲ್ಲ. ಎದುರಿಗೆ ಭಾವನವರು. ಹೆಸರೇ ಬರದ ಬಾಯಲ್ಲಿ "ಇವರು ಹೊಲ ಮಾಡಿಲ್ಲ" ಅನ್ನುವ ಮಾತು ಎಲ್ಲಿಂದ ಬರಬೇಕು?

"ಆಕಿ ಮಾತಾಡಂಗಿಲ್ರಿ ಸಾಹೇಬ್ರ" ಅಂದರು ಭಾವನವರು. "ನಮ್ಮ ಮನಿ ಹೆಣ್ಮಕ್ಕಳು ಹಂಗೆಲ್ಲಾ ಮಾತಾಡಂಗಿಲ್ಲ. ಮೊದಲಿಂದು ಬರೆದದ್ದೇ ಖರೇ ಅದ."

ಸಾಹೇಬರು ಗಡಿಯಾರ ನೋಡಿದರು. "ಊಟ ಆದ್ಮೇಲೆ ಒಂದ್ಸಲ ಕರೀತೀನಿ. ಆಗಲೂ ಮಾತಾಡದಿದ್ರೆ ಇದ್ದದ್ದರ ಮೇಲೆ ತೀರ್ಮಾನ ಮಾಡ್ಬೇಕಾಗುತ್ತೆ."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆವು. ಬುತ್ತಿ ಒಂದೇ ಇತ್ತು. ಬೆಳಗ್ಗೆ ನೆಗೆಣ್ಣಿ ಎಲ್ಲರಿಗೂ ಸೇರಿಸಿ ಒಂದೇ ಬಟ್ಟೆಯಲ್ಲಿ ಕಟ್ಟಿದ್ದಳು. ಕಟಿರೊಟ್ಟಿ, ಪುಂಡಿಪಲ್ಲೆ, ನಂಚಿಕೊಳ್ಳಲು ಶೇಂಗಾ ಹಿಂಡಿ. ವಾದಿಯೂ ಪ್ರತಿವಾದಿಯೂ ಒಂದೇ ಬಟ್ಟೆಯ ಸುತ್ತ ಕೂತೆವು. ಭಾವನವರು ನಿಮ್ಮ ಅವ್ವನಿಗೆ ರೊಟ್ಟಿ ಮುರಿದು, ಪಲ್ಲೆಯಲ್ಲಿ ನೆನೆಸಿ ಕೊಟ್ಟರು. ಪಕ್ಕದಲ್ಲಿ ಡಬ್ಬಿ ಬಿಚ್ಚುತ್ತಿದ್ದ ಮುನ್ಷಿ ಚಾಚಾ ನೋಡಿ ನಕ್ಕರು.

"ಒಳಗ ವೈರಿ, ಹೊರಗ ಬೀಗರು. ನಿಮ್ಮಂಥಾ ಜಗಳ ನಾ ನೋಡಿಲ್ಲಪ್ಪ."

ಯಾರೂ ನಗಲಿಲ್ಲ. ಅತ್ತಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು, ಬಾಯಿಗೆ ಹಾಕಿರಲಿಲ್ಲ. ನಿಮ್ಮ ಅವ್ವನನ್ನು ಹತ್ತಿರ ಕರೆದು, "ಒಳಗ ಏನಂದಿ? ಮತ್ತೊಮ್ಮೆ ಹೇಳು" ಅಂದರು. ಅವಳು ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಅಪ್ಪನ ಹೆಸರು ಹೇಳಿದಳು. ಅತ್ತಿ ಕಣ್ಣು ಮುಚ್ಚಿಕೊಂಡರು.

ಊಟದ ನಂತರ ಮತ್ತೆ ಕರೆದರು. ಅದೇ ಪ್ರಶ್ನೆ. ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡು ನಿಂತೆ. ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ. ಗುಮಾಸ್ತ ಪೆನ್ನಿನ ಟೋಪಿ ಹಾಕಿದ. ಆ 'ಟಕ್' ಅನ್ನುವ ಸಪ್ಪಳ ನನಗೆ ಇವತ್ತಿಗೂ ನೆನಪಿದೆ.

ಆಗ ಹಿಂದಿನಿಂದ ಅತ್ತಿ ಎದ್ದು ನಿಂತರು.

"ಸಾಹೇಬ್ರ, ನೀವು ಕೇಳಿದಂಗ ಕೇಳಿದ್ರ ಆಕಿಗಿ ಬರಂಗಿಲ್ಲ. ಒಡಪ ಹಾಕಲಿ."

"ಏನು ಹಾಕಲಿ?"

ರುಮಾಲಿನ ಸದಸ್ಯರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಭಾವನವರ ಮುಖ ಕೆಂಪಾಯಿತು. "ಯವ್ವಾ, ಗಂಡ ಸತ್ತಾಕಿ ಒಡಪ ಹಾಕ್ತಾಳೇನ? ಜನ ಏನಂದಾರ?"

"ನನ್ನ ಮಗನ ಹೆಸರೋ ಅದು" ಅಂದರು ಅತ್ತಿ. "ನಾನೂ ಗಂಡ ಸತ್ತಾಕಿ. ನಾ ಹೇಳಾಕತ್ತೀನಿ, ಹಾಕಲಿ. ಹಾಕವ್ವಾ ನನ್ನವ್ವ."

ನಾನು ಗೋಡೆಯ ಕಡೆ ನೋಡಿದೆ. ಯಾರೂ ಕಲಿಸಿದ್ದಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ.

"ಎರಿ ಹೊಲದಾಗ ತೊಗರಿ ಹೂವಾಗ್ಯಾದ,
ಬಿತ್ತಿದ ಕೈ ಮಣ್ಣಾಗ ಮಣ್ಣಾಗ್ಯಾದ,
ಕಳೆ ತೆಗೆದ ಕೈ ನಿಮ್ಮ ಮುಂದ ನಿಂತಾದ,
ಇಬ್ಬರು ಹೆಣ್ಮಕ್ಕಳ ತಂದಿ, ನನ್ನ ಮನಿಯವರು…"

ಕೊನೆಗೆ ಹೆಸರು. ಪೂರ್ತಿ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ. ಪಕ್ಕದ ಕೋಣೆಯ ಜವಾನ ಬಾಗಿಲಲ್ಲಿ ಬಂದು ಇಣುಕಿದ ಎಂದು ಆಮೇಲೆ ಮುನ್ಷಿ ಚಾಚಾ ಹೇಳಿದರು. ಅಷ್ಟು ಜೋರಾಗಿ ಹೇಳಿದ್ದೆನಂತೆ.

ಹೆಸರು ಹೊರಗೆ ಬಂದ ಮೇಲೆ ಅದರ ಹಿಂದೆ ನಿಂತಿದ್ದ ಮಾತುಗಳು ತಾವಾಗಿಯೇ ಬಂದವು, ಮಡೆ ಬಿಚ್ಚಿದ ನೀರಿನ ಹಾಗೆ. ಸಾಹೇಬರು ಕೇಳಿದರು, ನಾನು ಹೇಳಿದೆ. ಹೊಲದ ಮೂಡಣಕ್ಕೆ ಯಾರ ಹೊಲ, ಪಡುವಣಕ್ಕೆ ಯಾರದು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಜೋಳ ಬಾರದೆ ತೊಗರಿ ಹಾಕಬೇಕಾಯಿತು. ಬೇವಿನ ಬುಡದ ಫರಸಿಯನ್ನೂ, ಒಡೆದ ಮೂಲೆಯನ್ನೂ ಹೇಳಿದೆ. ಆ ಮೂಲೆಯ ಮೇಲೆ ಯಾರು ಕೂಡುತ್ತಿದ್ದರು ಎಂಬುದನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ನಾಚಿಕೆಯಾಯಿತು.

ಸಾಹೇಬರು ಭಾವನವರ ಕಡೆ ತಿರುಗುವುದರೊಳಗೆ ಅತ್ತಿಯೇ ಕೇಳಿದರು, "ಖರೇ ಹೇಳೋ. ಆ ಹೊಲದಾಗ ನೀ ಒಂದು ದಿನಾನರ ಕುಂಟಿ ಹೊಡದಿಯೇನ?"

ಭಾವನವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಇಲ್ಲ" ಅಂದರು. "ಅವರಿಬ್ಬರೇ ಮಾಡ್ಯಾರ."

ಗುಮಾಸ್ತ ಪೆನ್ನಿನ ಟೋಪಿ ಮತ್ತೆ ತೆಗೆದ. ಈ ಸಲ ಬರೆದದ್ದನ್ನು ಅವನ ಕೈಯಿಂದ ತೆಗೆದುಕೊಂಡು ನಾನೇ ಓದಿದೆ, ಎಲ್ಲರ ಮುಂದೆ, ಒಂದೊಂದು ಅಕ್ಷರ. ಬಹಳ ಹೊತ್ತು ಹಿಡಿಯಿತು. ಸಾಹೇಬರು ಕಾದರು. ಓದಿ ಮುಗಿಸಿ ಸಹಿ ಮಾಡಿ ಹೊರಗೆ ಬಂದಾಗ ನನ್ನ ಕಾಲುಗಳು ಹಗುರವಾಗಿದ್ದವು. ಎಷ್ಟೋ ತಿಂಗಳ ಮೇಲೆ ನನಗೆ ಜೋರು ಹಸಿವಾಯಿತು. ಬುತ್ತಿಯಲ್ಲಿ ಉಳಿದಿದ್ದ ಒಂದೂವರೆ ರೊಟ್ಟಿಯನ್ನು ನಿಂತುಕೊಂಡೇ ತಿಂದೆ.

ಬಸ್ಸಿನಲ್ಲಿ ಭಾವನವರು ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ನಿಮ್ಮ ಅವ್ವ ಸ್ವಲ್ಪ ಹೊತ್ತಿಗೆ ಹೋಗಿ ಅವರ ತೊಡೆ ಹತ್ತಿದಳು. ಅವರು ಬೇಡ ಅನ್ನಲಿಲ್ಲ. ಅತ್ತಿ ನನ್ನ ಪಕ್ಕದಲ್ಲಿದ್ದರು. ಕಿಟಕಿಯ ಹೊರಗೆ ನೋಡುತ್ತಲೇ ಅಂದರು:

"ಅವ ಹೋದಾಗಿಂದ ಮನ್ಯಾಗ ಯಾರೂ ಅವನ ಹೆಸರು ಕರೀವಲ್ರು. ಇಂದ ಮುಂಜಾನೆ ಮಮ್ಮಗಳು ಅಂದಾಗ ಎದಿ ಝಲ್ಲಂತು. ಅವನ ಹೆಸರು ಹೇಳಿದ್ರ ಅವನ ಹೊಲ ಉಳೀತದಂದ್ರ, ಯಾಕ ಹೇಳಬಾರದು ಅನಸ್ತು." ಆಮೇಲೆ ಮೊಣಕೈಯಿಂದ ನನ್ನನ್ನು ತಿವಿದರು. "ಇರುವಿ ಗುಬ್ಬಿ ಆತು, ಗುಬ್ಬಿ ಹುಂಜ ಆತು. ಮುಂದ ಏನಾಗ್ತೀ?"

ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕೆವು. ಹಾಗೆ ನಗುತ್ತ ನಗುತ್ತ ಅತ್ತೆವು. ಎರಡೂ ಹಗುರವಾಗಿದ್ದವು.

ಊರಲ್ಲಿ ಮಾತು ಬಂತು. "ಗಂಡ ಸತ್ತಾಕಿ ಒಡಪ ಹಾಕಿದ್ಲಂತ, ಅದೂ ಕಚೇರ್ಯಾಗ, ಗಂಡಸರ ಮುಂದ" ಎಂದು ಬಾವಿಯ ಹತ್ತಿರ ಆಡಿಕೊಂಡರು. ಕೊಡ ತುಂಬಿಕೊಂಡು ಸುಮ್ಮನೆ ಬರುತ್ತಿದ್ದೆ.

ಹುಕುಂ ಬಂದದ್ದು ಮುಂದಿನ ಬಿತ್ತಿಗೆಗೆ ಸ್ವಲ್ಪ ಮುಂಚೆ. ಹೊಲ ನನ್ನ ಹೆಸರಿಗೆ ಆಗಿತ್ತು. ಎಲ್ಲರನ್ನೂ ಕೂಡಿಸಿಕೊಂಡು ಓದುತ್ತಿದ್ದೆ. ನನ್ನ ಹೆಸರು ಓದಿ, 'ಗಂಡನ ಹೆಸರು' ಅನ್ನುವಲ್ಲಿಗೆ ಬಂದು ನಿಂತೆ. ಕಾಗದವನ್ನು ನಿಮ್ಮ ಅವ್ವನ ಕೈಗೆ ಕೊಟ್ಟೆ. ಅವಳು ಬೆರಳು ಇಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ನೋಡ್ರೇ ಈಕಿನ" ಅಂದರು ಅತ್ತಿ, "ಕಚೇರ್ಯಾಗ ಊರಿಗೆಲ್ಲಾ ಕೇಳೂವಂಗ ಕೂಗಿದಾಕಿ, ಮನ್ಯಾಗ ಮತ್ತ ಇರುವಿ!"

ಮೊದಲ ಮಳೆ ಬಿದ್ದ ಮರುದಿನ ಭಾವನವರು ತಮ್ಮ ಎತ್ತು, ಕೂರಿಗೆ ಹೊಡೆದುಕೊಂಡು ನಮ್ಮ ಹೊಲಕ್ಕೆ ಬಂದರು. ನನ್ನ ಕಡೆ ನೋಡದೆ, ನಿಮ್ಮ ಅವ್ವನಿಗೆ ಹೇಳುವ ಹಾಗೆ ಹೇಳಿದರು: "ನಿಮ್ಮವ್ವಗ ಕೇಳು, ತೊಗರಿ ಯಾವ ಕಡಿ ಹಾಕಬೇಕಂತ." ನಾನು ನಿಮ್ಮ ಅವ್ವನಿಗೆ ಹೇಳಲಿಲ್ಲ. "ಪಡುವಣ ಕಡಿ ಹಾಕ್ರಿ" ಎಂದು ನೇರವಾಗಿ ಅವರಿಗೇ ಹೇಳಿದೆ. ಅವರು ತಲೆ ಆಡಿಸಿ ಎತ್ತು ತಿರುಗಿಸಿದರು. ಮಧ್ಯಾಹ್ನ ಆ ಕಲ್ಲಿನ ಮೇಲೆ ಎಲ್ಲರೂ ಉಂಡೆವು. ಒಡೆದ ಮೂಲೆಯ ಮೇಲೆ ನಾನು ಕೂತೆ.

ಆಮೇಲಿನ ವರ್ಷಗಳಲ್ಲಿ ಕೆಲವು ಹೆಂಗಸರು ನನ್ನನ್ನು ಕಚೇರಿಗೆ ಜೊತೆಗೆ ಕರೆಯುತ್ತಿದ್ದರು. ಒಬ್ಬಾಕೆ ಚಿಂಚೋಳಿ ಕಡೆಯವಳು, ಚಂದ್ರಂಪಳ್ಳಿಯ ಕೆರೆಯಿಂದ ಮೇಲೆ ಅವಳ ಹೊಲ. ಇನ್ನೊಬ್ಬಾಕೆ ವಾಡಿಯಿಂದ ರೈಲಿನಲ್ಲಿ ಬಂದಿದ್ದಳು, ವಿಧವಾ ವೇತನದ ಅರ್ಜಿ ಹಿಡಿದುಕೊಂಡು. ಬಂದವರೆಲ್ಲ ನಾನು ದೊಡ್ಡ ಮಾತುಗಾರ್ತಿ ಅಂದುಕೊಂಡು ಬರುತ್ತಿದ್ದರು, ನೋಡಿ ನಿರಾಶರಾಗುತ್ತಿದ್ದರು. ನಾನು ಪಕ್ಕದಲ್ಲಿ ಕೂಡುತ್ತಿದ್ದೆ, ಬರೆದದ್ದನ್ನು ಸಹಿಗೆ ಮೊದಲು ಓದಿ ಹೇಳುತ್ತಿದ್ದೆ. ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಸಾಹೇಬರು ಹೆಸರು ಕೇಳಿದಾಗ ಅವರು ರೂಢಿಯ ಹಾಗೆ ನನ್ನ ಮುಖ ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಕಷ್ಟಪಟ್ಟು, ನನ್ನನ್ನು ಮನಸ್ಸಿನಲ್ಲಿ ಬೈದುಕೊಂಡು, ಅವರೇ ಹೇಳುತ್ತಿದ್ದರು. ಒಬ್ಬರಂತೂ ಹೊರಗೆ ಬಂದು, "ಎಂಥಾ ಗೊಂಬಿನ ಕರಕೊಂಡು ಬಂದೆ ನಾ" ಎಂದು ನನ್ನೆದುರಿಗೇ ಅಂದರು. ಆದರೆ ಅವರ ಕೆಲಸ ಆಗಿತ್ತು.

ಆದ್ದರಿಂದ ದೊಡ್ಡವಳೇ, ಬ್ಯಾಂಕಿನಲ್ಲಿ ನೀನು ಮಾಡಿದ್ದು ತಪ್ಪಲ್ಲ, ಪ್ರೀತಿಯಿಂದಲೇ ಹೇಳಿದೆ. ಆದರೆ ಮುಂದಿನ ಸಲ ನಾನು ನಿನ್ನ ಕಡೆ ತಿರುಗಿದರೆ ನೀನು ಬೇರೆ ಕಡೆ ನೋಡು. ಆ ಹೆಣ್ಣುಮಗಳಿಗೆ ಮೂರು ಸಾಲು ಕೇಳುವ ಪುರುಸೊತ್ತು ಇದ್ದರೆ ಸಾಕು. ಪ್ರಾಸ ನಾನು ಈಗಾಗಲೇ ಹುಡುಕುತ್ತಿದ್ದೇನೆ.